ಸುಟ್ಟಿದ್ದು ಒಂದೇ ಬಲ್ಬ್: ಹಳೆಯ ಸ್ಪೋರ್ಟ್ಸ್ ಕಾರೊಂದರ ಬ್ರೇಕ್ ದೀಪಗಳ ಪ್ರಕರಣ

ಈ ಪ್ರಕರಣದ ಕಾರು 1992ರ ಮಾದರಿಯದು. ಎರಡೇ ಆಸನ, ಮಡಚಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಛಾವಣಿ, ನೆಲಕ್ಕೆ ಅಂಟಿಕೊಂಡಂತಿರುವ ಮೈಕಟ್ಟು. ಅದರ ಮಾಲೀಕರು ನನ್ನ ಬಹುಕಾಲದ ಸ್ನೇಹಿತರು. ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಅದನ್ನು ರಸ್ತೆಗಿಳಿಸುತ್ತಾರೆ. ಒಂದು ಸಂಜೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಬಂದ ಬೈಕ್ ಸವಾರರೊಬ್ಬರು ಪಕ್ಕಕ್ಕೆ ಸರಿದು, “ನಿಮ್ಮ ಬ್ರೇಕ್ ಲೈಟ್ ಎರಡೂ ಹತ್ತುತ್ತಿಲ್ಲ, ಮಧ್ಯದ ಚಿಕ್ಕದೊಂದೇ ಹತ್ತುತ್ತಿದೆ” ಎಂದು ತಿಳಿಸಿ ಮುಂದೆ ಹೋದರು. ಸ್ನೇಹಿತರಿಗೆ ಮೊದಲು ನಂಬಿಕೆಯೇ ಬರಲಿಲ್ಲ. ಹಿಂದಿನ ರಾತ್ರಿಯಷ್ಟೇ ಅವರು ಕಾರಿನ ಸುತ್ತ ಒಂದು ಸುತ್ತು ಹಾಕಿ, ಹಿಂಬದಿಯ ಎರಡೂ ಕೆಂಪು ದೀಪಗಳು ಚೆನ್ನಾಗಿ ಉರಿಯುತ್ತಿರುವುದನ್ನು ಕಣ್ಣಾರೆ ಕಂಡಿದ್ದರು. ಮರುದಿನ ಬೆಳಿಗ್ಗೆ ಕಾರನ್ನು ನನ್ನಲ್ಲಿಗೆ ತಂದಾಗ ಅವರ ಕೈಯಲ್ಲಿ ಎರಡು ಹೊಸ ಬಲ್ಬ್‌ಗಳಿದ್ದವು. ಹಾಕಿಬಿಟ್ಟರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ ಎಂಬ ಎಣಿಕೆ ಅವರದಾಗಿತ್ತು.

ರಾತ್ರಿ ಕಂಡ ದೀಪವೂ ಬ್ರೇಕ್ ಒತ್ತಿದಾಗ ಹತ್ತಬೇಕಾದ ದೀಪವೂ ಒಂದೇ ಗಾಜಿನೊಳಗಿದ್ದರೂ ಅವು ಎರಡು ಬೇರೆ ದೀಪಗಳೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಹಿಂದೀಪಕ್ಕೂ ಬ್ರೇಕ್ ದೀಪಕ್ಕೂ ಸೇರಿಸಿ ಒಂದೇ ಬಲ್ಬ್ ಇರುತ್ತದೆ. ಅದರೊಳಗೆ ಎರಡು ತಂತುಗಳು, ಅಂದರೆ ವಿದ್ಯುತ್ತು ಹರಿದಾಗ ಕಾದು ಬೆಳಗುವ ತೆಳ್ಳನೆಯ ಲೋಹದ ಎಳೆಗಳು (ಫಿಲಮೆಂಟ್) ಇರುತ್ತವೆ. ಅಮೆರಿಕದ ಅಂಗಡಿಗಳಲ್ಲಿ 1157 ಎಂಬ ಸಂಖ್ಯೆಯಿಂದಲೂ ಉಳಿದ ಬಹುತೇಕ ಕಡೆ ಪಿ21/5ಡಬ್ಲ್ಯೂ ಎಂಬ ಹೆಸರಿನಿಂದಲೂ ಕೇಳಿ ಪಡೆಯುವ ಈ ಬಗೆಯ ಬಲ್ಬ್‌ಗಳಲ್ಲಿ ಎರಡನೆಯದರ ಹೆಸರಿನಲ್ಲೇ ಅದರ ಲೆಕ್ಕವೂ ಇದೆ: ಬ್ರೇಕ್‌ಗೆ 21 ವ್ಯಾಟ್‌ನ ತಂತು, ಹಿಂದೀಪಕ್ಕೆ 5 ವ್ಯಾಟ್‌ನ ತಂತು. ಅಂತರರಾಷ್ಟ್ರೀಯ ಮಾನಕದ ಪ್ರಕಾರ 13.5 ವೋಲ್ಟ್‌ನಲ್ಲಿ ಮೊದಲನೆಯದು ಸುಮಾರು 440 ಲ್ಯೂಮೆನ್ ಬೆಳಕನ್ನೂ ಎರಡನೆಯದು ಸುಮಾರು 35 ಲ್ಯೂಮೆನ್ ಬೆಳಕನ್ನೂ ಕೊಡಬೇಕು. ಹನ್ನೆರಡು ಪಟ್ಟಿಗೂ ಮೀರಿದ ಈ ಅಂತರವೇ ಹಿಂದೆ ಬರುವವರಿಗೆ ‘ಮುಂದಿನ ಗಾಡಿ ನಿಧಾನವಾಗುತ್ತಿದೆ’ ಎಂಬ ಸುದ್ದಿಯನ್ನು ಮುಟ್ಟಿಸುತ್ತದೆ. ದೊಡ್ಡ ತಂತು ತುಂಡಾದ ಮೇಲೂ ಚಿಕ್ಕದು ವರ್ಷಗಟ್ಟಲೆ ಉರಿಯಬಲ್ಲದು. ಆದ್ದರಿಂದ ರಾತ್ರಿಯ ಸುತ್ತಾಟದಲ್ಲಿ ಕಂಡ ಕೆಂಪು ಬೆಳಕು ಬ್ರೇಕ್ ದೀಪದ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಲ್ಬ್ ಹೋಗಿದೆಯೆಂದು ಡ್ಯಾಶ್‌ಬೋರ್ಡ್‌ನಲ್ಲಿ ತಿಳಿಸುವ ವ್ಯವಸ್ಥೆಯೂ ಈ ಕಾರಿನಲ್ಲಿರಲಿಲ್ಲ.

ಹೊಸ ಬಲ್ಬ್‌ಗಳನ್ನು ಬದಿಗಿಡಿಸಿ, ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕೋಣವೆಂದು ಕೇಳಿಕೊಂಡೆ: ಎರಡು ಬಲ್ಬ್‌ಗಳು ಒಟ್ಟಿಗೇ ಏಕೆ ಹೋದವು?

ಸವಾರರು ಹೇಳಿದ ಮಾತಿನಲ್ಲೇ ಅರ್ಧ ಉತ್ತರವಿತ್ತು. ಡಿಕ್ಕಿಯ ಮುಚ್ಚಳದ ಮೇಲಿನ ಮೂರನೆಯ ಬ್ರೇಕ್ ದೀಪ ಹತ್ತುತ್ತಿತ್ತು. ಅಮೆರಿಕದಲ್ಲಿ 1986ರ ಮಾದರಿಯ ಪ್ರಯಾಣಿಕ ಕಾರುಗಳಿಂದ ಕಡ್ಡಾಯವಾದ ಈ ಎತ್ತರದ ದೀಪವು ಹಿಂದಿನವರ ಕಣ್ಣಿಗೆ ನೇರವಾಗಿ ಬೀಳಲೆಂದು ಬಂದದ್ದಾದರೂ, ದೋಷ ಹುಡುಕುವವರಿಗೂ ಅದರಿಂದ ದೊಡ್ಡ ಉಪಕಾರವಾಗಿದೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸ್ ದಾಟಿ, ಪೆಡಲ್‌ನ ಮೇಲ್ತುದಿಯಲ್ಲಿರುವ ಬ್ರೇಕ್ ಸ್ವಿಚ್ ದಾಟಿ, ಆಮೇಲೆ ಮೂರು ದೀಪಗಳಿಗೆ ಕವಲೊಡೆಯುತ್ತದೆ. ಮೂರರಲ್ಲಿ ಒಂದು ಹತ್ತುತ್ತಿದೆಯೆಂದರೆ ಕವಲಿನವರೆಗಿನ ದಾರಿ ಸರಿಯಾಗಿದೆ. ಫ್ಯೂಸನ್ನೂ ಸ್ವಿಚ್ಚನ್ನೂ ಬಿಚ್ಚುವ ಅಗತ್ಯವಿಲ್ಲ. ಮೂರೂ ಹತ್ತದಿದ್ದರೆ ಕೆಲಸವು ಫ್ಯೂಸ್‌ನಿಂದಲೇ ಆರಂಭವಾಗಬೇಕಿತ್ತು. ಬ್ರೇಕ್‌ಗೂ ಇಂಡಿಕೇಟರ್‌ಗೂ ಒಂದೇ ತಂತನ್ನು ಬಳಸುವ ಕೆಲವು ಹಳೆಯ ಕಾರುಗಳಲ್ಲಿ ಬ್ರೇಕ್‌ನ ವಿದ್ಯುತ್ತು ಸ್ಟಿಯರಿಂಗ್ ಪಕ್ಕದ ಇಂಡಿಕೇಟರ್ ಸ್ವಿಚ್ಚಿನ ಮೂಲಕ ಹಾದುಹೋಗುವುದರಿಂದ ಅಲ್ಲಿ ಈ ತರ್ಕ ಪೂರ್ತಿ ಸಲ್ಲದು. ಈ ಕಾರಿನಲ್ಲಿ ಇಂಡಿಕೇಟರ್‌ಗೆ ಬೇರೆಯದೇ ಬಲ್ಬ್ ಇತ್ತು.

ಹಾಗಾದರೆ ದೋಷವಿರುವುದು ಕವಲಿನಿಂದಾಚೆಗೆ, ಎರಡೂ ಬದಿಗಳಲ್ಲಿ ಬೇರೆ ಬೇರೆಯಾಗಿ. ಎರಡು ಸ್ವತಂತ್ರ ದೋಷಗಳು ಒಂದೇ ದಿನ ಹುಟ್ಟುವುದು ಅಪರೂಪ. ಒಂದು ದೋಷ ಬಹಳ ದಿನಗಳಿಂದ ಯಾರ ಕಣ್ಣಿಗೂ ಬೀಳದೆ ಇದ್ದು, ಎರಡನೆಯದು ಬಂದ ದಿನ ಎರಡೂ ಒಟ್ಟಿಗೆ ಬಯಲಾಗುವುದು ತೀರ ಸಾಮಾನ್ಯ. ಹಿಂದಿನ ದುರಸ್ತಿಗಳ ಬಗ್ಗೆ ವಿಚಾರಿಸಿದಾಗ ಸ್ನೇಹಿತರು ನೆನಪಿಸಿಕೊಂಡು ಹೇಳಿದ ಸಂಗತಿ ಮುಖ್ಯವಾದದ್ದು: ಕಾರನ್ನು ಕೊಂಡು ಆರು ವರ್ಷಗಳಾಗಿದ್ದವು; ಬಲಗಡೆಯ ಬಲ್ಬನ್ನು ಈ ಅವಧಿಯಲ್ಲಿ ಯಾರೂ ಮುಟ್ಟಿರಲಿಲ್ಲ; ಎಡಗಡೆಯದನ್ನು ಮಾತ್ರ ಕಳೆದ ಒಂದೂವರೆ ವರ್ಷದಲ್ಲಿ ಎರಡು ಸಲ ಬದಲಾಯಿಸಲಾಗಿತ್ತು. ಎರಡೂ ಸಲ ಹೊಸ ಬಲ್ಬ್ ಹಾಕಿದ ಕೂಡಲೇ ದೀಪ ಹತ್ತಿತ್ತು, ಎರಡೂ ಸಲ ಹಳೆಯ ಬಲ್ಬ್ ಕಸದ ಬುಟ್ಟಿಗೆ ಹೋಗಿತ್ತು. ಆ ಬಲ್ಬ್‌ಗಳು ಹೇಗಿದ್ದವೆಂದು ಯಾರೂ ನೋಡಿರಲಿಲ್ಲ.

ಬಲ್ಬನ್ನು ಓದುವುದು

ಇಂಥ ಕಾರುಗಳಲ್ಲಿ ಹಿಂದೀಪದ ಬಲ್ಬ್‌ಗೆ ಹೋಗುವ ದಾರಿ ಸಾಮಾನ್ಯವಾಗಿ ಡಿಕ್ಕಿಯ ಒಳಗಿನಿಂದ. ಒಳಹೊದಿಕೆಯನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್‌ಗಳು ಮೂವತ್ತು ವರ್ಷಗಳಲ್ಲಿ ಹಪ್ಪಳದಂತೆ ಪೆಡಸಾಗಿರುತ್ತವೆ; ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ ಎಬ್ಬಿಸಿದರೆ ಮುರಿಯುವ ಸಾಧ್ಯತೆ ಕಡಿಮೆ. ಕೆಲಸದ ಮೊದಲು ಬ್ಯಾಟರಿ ಎಲ್ಲಿದೆಯೆಂದು ನೋಡಿಕೊಳ್ಳುವುದು ಒಳಿತು. ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನಂತಹ ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ತೂಕದ ಹಂಚಿಕೆಗಾಗಿ ಬ್ಯಾಟರಿಯನ್ನು ಡಿಕ್ಕಿಯಲ್ಲೇ ಇಟ್ಟಿರುತ್ತಾರೆ. ದೀಪದ ಪಕ್ಕದಲ್ಲೇ ಅದರ ತಲೆಗಳು ಇದ್ದಾಗ ಕೈಯಲ್ಲಿನ ಸ್ಪ್ಯಾನರ್ ಎಲ್ಲಿಗೆ ತಾಗುತ್ತದೆಂಬ ಎಚ್ಚರ ಬೇಕು. ನಾವು ಇಗ್ನಿಷನ್ ಆರಿಸಿ, ದೀಪದ ಸ್ವಿಚ್ ಮುಚ್ಚಿ, ಬಲ್ಬ್ ತಣಿಯಲು ಬಿಟ್ಟು, ಹೋಲ್ಡರನ್ನು ಎಡಕ್ಕೆ ತಿರುಗಿಸಿ ಹೊರಗೆಳೆದೆವು. ಬಲ್ಬನ್ನು ಬಟ್ಟೆಯಲ್ಲಿ ಹಿಡಿದು, ಒಳಕ್ಕೆ ಒತ್ತಿ, ಎಡಕ್ಕೆ ತಿರುಗಿಸಿದಾಗ ಅದು ಹೊರಬಂತು.

ಮೊದಲು ಬಲಗಡೆಯದು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಗಾಜಿನ ಮೇಲ್ಭಾಗದಲ್ಲಿ ಹೊಗೆ ಹಿಡಿದ ಕನ್ನಡಿಯಂತಹ ಬೂದುಗಪ್ಪು ಲೇಪವಿತ್ತು. ದೊಡ್ಡ ತಂತು ನಡುವೆ ತುಂಡಾಗಿತ್ತು. ತುಂಡಾದ ಎರಡೂ ತುದಿಗಳಲ್ಲಿ ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ, ಕರಗಿ ಗಟ್ಟಿಯಾದ ಮಣಿಗಳು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಂಡವು. ಇದು ಆಯಸ್ಸು ಮುಗಿಸಿ ಹೋದ ಬಲ್ಬ್‌ನ ಲಕ್ಷಣ. ಟಂಗ್‌ಸ್ಟನ್ ಕರಗುವುದು 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉರಿಯುವಾಗ ತಂತು ಸುಮಾರು 2500 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಶಾಖದಲ್ಲಿ ಲೋಹವು ಕರಗದಿದ್ದರೂ ಅಣು ಅಣುವಾಗಿ ಆವಿಯಾಗಿ ಗಾಜಿನ ಒಳಮೈಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಅದೇ ಆ ಕಪ್ಪು. ಎಲ್ಲಿ ಹೆಚ್ಚು ಸವೆಯಿತೋ ಅಲ್ಲಿ ತಂತು ಸಪೂರವಾಗಿ, ಅಲ್ಲೇ ಇನ್ನಷ್ಟು ಬಿಸಿಯಾಗಿ, ಇನ್ನಷ್ಟು ಸವೆಯುತ್ತದೆ. ತಣ್ಣಗಿರುವಾಗ ತಂತುವಿನ ರೋಧವು ಉರಿಯುವಾಗಿನ ರೋಧದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಯಿರುವುದರಿಂದ, ಸ್ವಿಚ್ ಒತ್ತಿದ ಕ್ಷಣದಲ್ಲಿ ಹತ್ತು ಪಟ್ಟಿಗೂ ಹೆಚ್ಚಿನ ವಿದ್ಯುತ್ತು ಒಮ್ಮೆಲೇ ನುಗ್ಗುತ್ತದೆ. ಬ್ರೇಕ್ ದೀಪಕ್ಕೆ ಈ ಏಟು ಒಂದೇ ಪ್ರಯಾಣದಲ್ಲಿ ನೂರಾರು ಸಲ ಬೀಳುತ್ತದೆ. ಸಪೂರವಾದ ಆ ಜಾಗ ಒಂದು ದಿನ ತಾಳದೆ ಕರಗಿ ತುಂಡಾಗುತ್ತದೆ.

ಬಲ್ಬ್‌ಗಳು ಬೇರೆ ರೀತಿಯಲ್ಲಿಯೂ ಸಾಯುತ್ತವೆ, ಪ್ರತಿಯೊಂದು ಸಾವಿಗೂ ಅದರದೇ ಗುರುತಿದೆ. ಗಾಜಿನೊಳಗೆ ಬಿಳಿ ಅಥವಾ ಹಳದಿಮಿಶ್ರಿತ ಪುಡಿ ಹರಡಿದ್ದರೆ ಗಾಜಿನಲ್ಲಿಯೋ ಬುಡದ ಬೆಸುಗೆಯಲ್ಲಿಯೋ ಬಿರುಕು ಬಿಟ್ಟು ಗಾಳಿ ಒಳಗೆ ಹೋಗಿದೆಯೆಂದರ್ಥ. ಬಿಸಿ ಟಂಗ್‌ಸ್ಟನ್ ಆಮ್ಲಜನಕದೊಂದಿಗೆ ಸೇರಿ ಸುಟ್ಟ ಪುಡಿಯದು. ಗಾಜು ತಿಳಿಯಾಗಿದ್ದು, ತಂತು ಮಣಿಗಳಿಲ್ಲದೆ ಕಡ್ಡಿ ಮುರಿದಂತೆ ಮುರಿದಿದ್ದರೆ ತಣ್ಣಗಿದ್ದಾಗ ಬಿದ್ದ ಏಟನ್ನೋ ಅಲುಗಾಟವನ್ನೋ ಶಂಕಿಸಬೇಕು. ಡಿಕ್ಕಿಯ ಮುಚ್ಚಳದ ಮೇಲೆ ದೀಪವಿರುವ ಕಾರುಗಳಲ್ಲಿ ಮುಚ್ಚಳವನ್ನು ಜೋರಾಗಿ ಬಡಿಯುವುದೂ ಒಂದು ಕಾರಣ. ತಂತು ಉರಿಯುತ್ತಿದ್ದಾಗಲೇ ಬಲವಾದ ಏಟು ಬಿದ್ದರೆ ಅದು ಮೆತ್ತಗಾಗಿದ್ದ ಕಾರಣ ಎಳೆದ ಸ್ಪ್ರಿಂಗಿನಂತೆ ಹಿಗ್ಗಿ ವಿಕಾರವಾಗುತ್ತದೆ. ಅಪಘಾತದ ತನಿಖೆ ನಡೆಸುವವರು ಡಿಕ್ಕಿಯಾದ ಕ್ಷಣದಲ್ಲಿ ಬ್ರೇಕ್ ದೀಪ ಉರಿಯುತ್ತಿತ್ತೇ ಎಂಬುದನ್ನು ತೀರ್ಮಾನಿಸುವಾಗ ಈ ಗುರುತನ್ನು ನೋಡುತ್ತಾರೆ. ಹೋದ ಬಲ್ಬನ್ನು ನೋಡದೆ ಎಸೆಯುವುದರಿಂದ ನಾವು ಎಷ್ಟೊಂದನ್ನು ಕಳೆದುಕೊಳ್ಳುತ್ತೇವೆಂಬುದು ಇದರಿಂದ ತಿಳಿದೀತು.

ಎಡಗಡೆಯ ಬಲ್ಬ್ ಹೊರಬಂದಾಗ ಅದರ ಗಾಜು ನೀರಿನಂತೆ ತಿಳಿಯಾಗಿತ್ತು. ಎರಡೂ ತಂತುಗಳು ಇದ್ದಲ್ಲೇ ಇದ್ದವು. ಕಣ್ಣು ಮೋಸಹೋಗಬಹುದೆಂದು ಮಲ್ಟಿಮೀಟರ್ ಹಿಡಿದೆ. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೆ 0.2 ಓಮ್, ಬಲ್ಬ್‌ನ ಬುಡದ ದೊಡ್ಡ ತಂತುವಿನ ಬಿಂದುವಿಗೂ ಹಿತ್ತಾಳೆಯ ಮೈಗೂ ತಾಗಿಸಿದರೆ 0.8. ಕಡ್ಡಿಗಳ ಪಾಲನ್ನು ಕಳೆದರೆ ಉಳಿಯುವ 0.6 ಓಮ್, ತಣ್ಣಗಿರುವ ಆರೋಗ್ಯವಂತ 21 ವ್ಯಾಟ್ ತಂತುವಿನದು. ಖಚಿತಪಡಿಸಿಕೊಳ್ಳಲು ಬಲ್ಬನ್ನು ನೇರವಾಗಿ ಒಂದು ಬ್ಯಾಟರಿಗೆ ಮುಟ್ಟಿಸಿದಾಗ ಕಣ್ಣು ಕೋರೈಸುವಂತೆ ಉರಿಯಿತು. ‘ಸುಟ್ಟುಹೋಗಿದೆ’ ಎಂದು ತೀರ್ಪು ಪಡೆದಿದ್ದ ಎಡಗಡೆಯ ಬಲ್ಬ್ ಸುಟ್ಟಿರಲೇ ಇಲ್ಲ.

ಎಡಗಡೆಯ ಹೋಲ್ಡರ್

ಬಲ್ಬ್‌ನ ಬುಡದಲ್ಲಿ ಬೆಸುಗೆಯ ಎರಡು ಗುಂಡನೆಯ ಬಿಂದುಗಳಿರುತ್ತವೆ, ತಂತುವಿಗೆ ಒಂದೊಂದು. ಇವುಗಳಲ್ಲಿ ಹಿಂದೀಪದ ಬಿಂದು ದುಂಡಗೆ ಹೊಳೆಯುತ್ತಿತ್ತು. ಬ್ರೇಕ್‌ನದು ಚಪ್ಪಟೆಯಾಗಿ, ನಡುವೆ ಕುಳಿಬಿದ್ದು, ಅಂಚಿನಲ್ಲಿ ಕಪ್ಪಗಾಗಿತ್ತು. ಹೋಲ್ಡರಿನೊಳಗೆ ಟಾರ್ಚ್ ಹಾಕಿ ನೋಡಿದರೆ ಹಿತ್ತಾಳೆಯ ಒಳಗೋಡೆಗೆ ಪಾಚಿಯಂತೆ ಹಸಿರು ಕಿಲುಬು ಹಿಡಿದಿತ್ತು. ಬ್ರೇಕ್ ಬಿಂದುವನ್ನು ಒತ್ತಿ ಹಿಡಿಯಬೇಕಾದ ಸ್ಪ್ರಿಂಗ್ ತನ್ನ ಬಿಗಿಯನ್ನು ಕಳೆದುಕೊಂಡು ಪಕ್ಕದ ಸ್ಪ್ರಿಂಗಿಗಿಂತ ಒಂದು ಮಿಲಿಮೀಟರಿನಷ್ಟು ಕೆಳಗೆ ಕುಸಿದಿತ್ತು. ಅದರ ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು.

ಒಂದೇ ಹೋಲ್ಡರಿನಲ್ಲಿ ಒಂದು ಬಿಂದು ಚೆನ್ನಾಗಿಯೂ ಇನ್ನೊಂದು ಕೆಟ್ಟೂ ಇರಲು ಕಾರಣ ಅವುಗಳಲ್ಲಿ ಹರಿಯುವ ವಿದ್ಯುತ್ತು. 12 ವೋಲ್ಟ್‌ನ ಲೆಕ್ಕದಲ್ಲಿ ಬ್ರೇಕ್ ತಂತು ಎಳೆಯುವುದು 1.75 ಆಂಪಿಯರ್, ಹಿಂದೀಪದ ತಂತು ಎಳೆಯುವುದು 0.42 ಆಂಪಿಯರ್. ಕಿಲುಬು ಹಿಡಿದ ಸಂಪರ್ಕದಲ್ಲಿ ಹುಟ್ಟುವ ಶಾಖವು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಎರಡೂ ಬಿಂದುಗಳಲ್ಲಿ ರೋಧ ಸಮವಾಗಿದ್ದರೂ ಬ್ರೇಕ್ ಬಿಂದು ಹದಿನೇಳು ಪಟ್ಟಿಗೂ ಹೆಚ್ಚು ಕಾಯುತ್ತದೆ. ಕಾದಂತೆ ಸ್ಪ್ರಿಂಗ್ ಸಡಿಲವಾಗುತ್ತದೆ, ಸಡಿಲವಾದಂತೆ ರೋಧ ಹೆಚ್ಚುತ್ತದೆ, ಅದರಿಂದ ಇನ್ನಷ್ಟು ಕಾಯುತ್ತದೆ.

ಹಿಂದಿನ ಎರಡು ದುರಸ್ತಿಗಳು ಏಕೆ ಫಲಿಸಿದವು ಮತ್ತು ಏಕೆ ನಿಲ್ಲಲಿಲ್ಲ ಎಂಬುದು ಈಗ ಬಿಡಿಸಿಕೊಂಡಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಸಂಗತಿ ಇದೇ. ಹೊಸ ಬಲ್ಬ್ ಹಾಕುವಾಗ ಅದನ್ನು ಒತ್ತಿ ತಿರುಗಿಸುತ್ತೇವಲ್ಲ, ಆ ತಿರುವಿನಲ್ಲಿ ಬೆಸುಗೆಯ ಬಿಂದುವು ಸ್ಪ್ರಿಂಗಿನ ಮೇಲಿನ ಕಿಲುಬನ್ನು ಕೆರೆದು ಒಂದಿಷ್ಟು ಶುದ್ಧ ಲೋಹವನ್ನು ಹೊರತರುತ್ತದೆ. ಹೊಸ ಬಿಂದು ಸವೆಯದೆ ಉಬ್ಬಿಕೊಂಡಿರುವುದರಿಂದ ಕುಸಿದ ಸ್ಪ್ರಿಂಗಿಗೂ ಅದು ಹೇಗೋ ಎಟಕುತ್ತದೆ. ದೀಪ ಹತ್ತುತ್ತದೆ. ಬಲ್ಬ್ ಬದಲಾಯಿಸಿದ್ದರಿಂದಲೇ ಹತ್ತಿತೆಂದು ಎಲ್ಲರೂ ನಂಬುತ್ತಾರೆ, ಹಾಗೆ ನಂಬುವುದು ಸಹಜವೂ ಹೌದು. ಆ ದಿನ ಹಳೆಯ ಬಲ್ಬನ್ನೇ ತೆಗೆದು ಮತ್ತೆ ಹಾಕಿದ್ದರೂ ದೀಪ ಹತ್ತಿರುತ್ತಿತ್ತು ಎಂಬುದನ್ನು ಪರೀಕ್ಷಿಸಲು ಯಾರಿಗೂ ಕಾರಣವಿರಲಿಲ್ಲ. ಕೆಲವು ತಿಂಗಳುಗಳಲ್ಲಿ ತೇವ ಮತ್ತೆ ತನ್ನ ಕೆಲಸ ಮಾಡುತ್ತದೆ, ಬಿಂದು ಮತ್ತೆ ಚಪ್ಪಟೆಯಾಗುತ್ತದೆ, ಮತ್ತೊಂದು ನಿರಪರಾಧಿ ಬಲ್ಬ್ ಬುಟ್ಟಿ ಸೇರುತ್ತದೆ. ಮೂರನೆಯ ಸಲವೂ ಹೊಸ ಬಲ್ಬನ್ನೇ ಹಾಕಿ ಕಳಿಸಿದ್ದರೆ ನಾವು ಮಾಡುತ್ತಿದ್ದುದು ಇದನ್ನೇ.

ದುರಸ್ತಿಗೆ ಬ್ರೇಕ್ ದೀಪದ ಫ್ಯೂಸನ್ನು ತೆಗೆದಿಟ್ಟು ಆರಂಭಿಸಿದೆವು. ನಯವಾದ ಸ್ಯಾಂಡ್‌ಪೇಪರನ್ನು ಪೆನ್ಸಿಲ್ಲಿಗೆ ಸುತ್ತಿ ಹೋಲ್ಡರಿನ ಒಳಗೋಡೆಯನ್ನು ತಿಕ್ಕಿದಾಗ ಹಸಿರು ಪುಡಿಯುದುರಿ ಹಿತ್ತಾಳೆಯ ಹಳದಿ ಕಾಣಿಸಿಕೊಂಡಿತು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪುಡಿಯನ್ನೆಲ್ಲ ತೊಳೆದು ಒಣಗಿಸಿದೆವು. ಕುಸಿದ ಸ್ಪ್ರಿಂಗನ್ನು ಎಳೆದು ಎತ್ತರಿಸಿದರೆ ಸಾಲದೇ ಎಂದು ಸ್ನೇಹಿತರು ಕೇಳಿದರು. ಶಾಖಕ್ಕೆ ಸಿಕ್ಕಿ ಬಿಗಿ ಕಳೆದುಕೊಂಡ ಸ್ಪ್ರಿಂಗ್ ಎಳೆದಾಗ ನಿಂತಂತೆ ಕಂಡರೂ ಕೆಲವೇ ವಾರಗಳಲ್ಲಿ ಮತ್ತೆ ಕುಸಿಯುತ್ತದೆ. ಆದ್ದರಿಂದ ಹೋಲ್ಡರಿನ ತಳದ ಸಂಪರ್ಕದ ಭಾಗವನ್ನೇ ಅದೇ ಅಳತೆಯ ಹೊಸದಕ್ಕೆ ಬದಲಾಯಿಸಿ, ವೈರುಗಳನ್ನು ಬೆಸೆದು, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿದೆ. ಕೊನೆಯಲ್ಲಿ ತೇವ ತಡೆಯುವ ಸಿಲಿಕೋನ್ ಗ್ರೀಸನ್ನು ಬಲ್ಬ್‌ನ ಹಿತ್ತಾಳೆಯ ಮೈಗೆ ತೆಳ್ಳಗೆ ಸವರಿದೆ. ಈ ಗ್ರೀಸ್ ವಿದ್ಯುತ್ತನ್ನು ಹರಿಸುವುದಿಲ್ಲ. ಲೋಹ ಲೋಹಕ್ಕೆ ಒತ್ತಿಕೊಂಡಲ್ಲಿ ಅದು ಪಕ್ಕಕ್ಕೆ ಸರಿಯುತ್ತದೆ, ಸುತ್ತಲಿನ ತೇವವನ್ನು ಮಾತ್ರ ದೂರವಿಡುತ್ತದೆ. ಹೆಚ್ಚು ಮೆತ್ತಿದರೆ ಪ್ರಯೋಜನವಿಲ್ಲ.

ಬಲ್ಬ್ ಆಯ್ಕೆಯಲ್ಲಿ ಒಂದು ಎಡವಟ್ಟು ಸ್ವಲ್ಪದರಲ್ಲೇ ತಪ್ಪಿತು. ಸ್ನೇಹಿತರು ತಂದಿದ್ದ ಎರಡರಲ್ಲಿ ಒಂದು ಸರಿಯಾದ ಪಿ21/5ಡಬ್ಲ್ಯೂ. ಇನ್ನೊಂದು ನೋಡಲು ಅದರ ಅವಳಿಯಂತಿದ್ದ ಪಿ21ಡಬ್ಲ್ಯೂ, ಅಂದರೆ ಒಂದೇ ತಂತುವಿನದು. ಎರಡರ ಬುಡದ ವ್ಯಾಸವೂ 15 ಮಿಲಿಮೀಟರ್. ವ್ಯತ್ಯಾಸವಿರುವುದು ಬುಡದ ಪಕ್ಕದ ಎರಡು ಚಿಕ್ಕ ಪಿನ್ನುಗಳಲ್ಲಿ: ಒಂಟಿ ತಂತುವಿನದರಲ್ಲಿ ಎರಡೂ ಪಿನ್ನುಗಳು ಒಂದೇ ಎತ್ತರದಲ್ಲಿರುತ್ತವೆ, ಜೋಡಿ ತಂತುವಿನದರಲ್ಲಿ ಒಂದು ಇನ್ನೊಂದಕ್ಕಿಂತ ಮೇಲಿರುತ್ತದೆ. ಬಲ್ಬ್ ತಿರುವುಮುರುವಾಗಿ ಕೂರಬಾರದೆಂದೇ ಈ ಏರ್ಪಾಡು. ಸವೆದು ತೆಳುವಾದ ಹಳೆಯ ಹೋಲ್ಡರಿನಲ್ಲಿ ಬಲ ಹಾಕಿದರೆ ತಪ್ಪು ಬಲ್ಬ್ ಕೂಡ ಕೂತುಬಿಡುತ್ತದೆ. ಆಗ ಅದರ ಒಂದೇ ದೊಡ್ಡ ಬಿಂದುವು ಹಿಂದೀಪದ ಸ್ಪ್ರಿಂಗನ್ನೂ ಬ್ರೇಕ್‌ನ ಸ್ಪ್ರಿಂಗನ್ನೂ ಒಟ್ಟಿಗೆ ಮುಟ್ಟಿ, ಬ್ರೇಕ್ ಒತ್ತಿದಾಗಲೆಲ್ಲ ವಿದ್ಯುತ್ತು ಹಿಂದೀಪದ ಸಾಲಿಗೂ ನುಗ್ಗಿ, ಡ್ಯಾಶ್‌ಬೋರ್ಡಿನ ದೀಪಗಳವರೆಗೆ ಎಲ್ಲವೂ ಹತ್ತುವಂತಹ ವಿಚಿತ್ರ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಸರಿಯಾದ ಬಲ್ಬನ್ನೇ ಬಲವಂತವಾಗಿ ತಿರುಗಾಮುರುಗಾ ಕೂರಿಸಿದರೆ ಹಿಂದೀಪ ಬ್ರೇಕ್‌ನಷ್ಟು ಪ್ರಖರವಾಗಿಯೂ ಬ್ರೇಕ್ ಒತ್ತಿದಾಗ ಸೇರುವ ಬೆಳಕು ಅತ್ಯಲ್ಪವಾಗಿಯೂ ಇರುತ್ತದೆ. ಬಲ್ಬ್ ಸುಲಭವಾಗಿ ಕೂರದಿದ್ದರೆ ಅರ್ಧ ಸುತ್ತು ತಿರುಗಿಸಿ ನೋಡಬೇಕು, ಆಗಲೂ ಕೂರದಿದ್ದರೆ ಅದು ಆ ಹೋಲ್ಡರಿನ ಬಲ್ಬ್ ಅಲ್ಲ. ಒಂಟಿ ತಂತುವಿನದನ್ನು ಹಿಂದಿರುಗಿಸಿ ಸರಿಯಾದುದನ್ನು ತರಿಸಿ, ಎರಡೂ ಬದಿಗೆ ಒಂದೇ ತಯಾರಿಕೆಯ ಹೊಸ ಬಲ್ಬ್‌ಗಳನ್ನು ಹಾಕಿದೆವು.

ಅರ್ಥಿಂಗ್ ಮತ್ತು ನೀರು

ಇಲ್ಲಿಗೆ ಮುಗಿಯಿತೆಂದುಕೊಂಡು ಬ್ರೇಕ್ ಒತ್ತಿಸಿ ಹಿಂದೆ ನಿಂತು ನೋಡಿದೆ. ಎರಡೂ ಹತ್ತಿದವು, ಆದರೆ ಎಡಗಡೆಯದರ ಬೆಳಕು ಬಲಗಡೆಯದಕ್ಕಿಂತ ತುಸು ಮಂಕಾಗಿತ್ತು. ಹಿಂದೀಪವನ್ನೂ ಎಡ ಇಂಡಿಕೇಟರನ್ನೂ ಹಾಕಿಸಿದಾಗ ಅನುಮಾನ ಬಲವಾಯಿತು: ಇಂಡಿಕೇಟರ್ ಮಿನುಗಿದಂತೆಲ್ಲ ಎಡಗಡೆಯ ಬ್ರೇಕ್ ದೀಪ ಉಸಿರಾಡಿದಂತೆ ಕುಗ್ಗಿ ಹಿಗ್ಗುತ್ತಿತ್ತು. ಒಂದು ಬದಿಯ ದೀಪಗಳೆಲ್ಲ ಒಂದೇ ಅರ್ಥ್ ವೈರನ್ನು (ದೀಪದಿಂದ ಹೊರಬಂದ ವಿದ್ಯುತ್ತನ್ನು ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಹಿಂದಿರುಗಿಸುವ ವೈರನ್ನು) ಹಂಚಿಕೊಂಡು, ಆ ವೈರಿನ ಸಂಪರ್ಕ ಕೆಟ್ಟಿರುವಾಗ ಕಾಣುವ ಲಕ್ಷಣವಿದು. ಎಲ್ಲ ದೀಪಗಳ ವಿದ್ಯುತ್ತೂ ಇಕ್ಕಟ್ಟಾದ ಒಂದೇ ಬಾಗಿಲಿನಿಂದ ಹಿಂದಿರುಗಬೇಕಾದಾಗ ಒಂದರ ಸರದಿ ಇನ್ನೊಂದಕ್ಕೆ ಅಡ್ಡಿಯಾಗುತ್ತದೆ.

ಎಂಜಿನ್ ಚಾಲನೆಯಲ್ಲಿಟ್ಟು ಅಳೆದೆವು. ಬ್ಯಾಟರಿಯ ತಲೆಗಳಲ್ಲಿ 14.1 ವೋಲ್ಟ್ ಇದ್ದದ್ದರಿಂದ ಆಲ್ಟರ್ನೇಟರ್ ಮೇಲಿನ ಸಂದೇಹ ಹೋಯಿತು. ವೋಲ್ಟೇಜ್ ಶೇಕಡಾ 5ರಷ್ಟು ಏರಿದರೂ ಬಲ್ಬ್‌ನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದರಿಂದ, ಬಲ್ಬ್‌ಗಳು ಪದೇಪದೇ ನಿಜವಾಗಿಯೇ ಸುಡುತ್ತಿರುವ ಕಾರಿನಲ್ಲಿ ಈ ಅಳತೆಯನ್ನು ಎಲ್ಲಕ್ಕಿಂತ ಮೊದಲು ಮಾಡಬೇಕು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತಲೆಗೂ ಇನ್ನೊಂದನ್ನು ಹೋಲ್ಡರಿನ ಹಿಂಬದಿಯ ಅರ್ಥ್ ಪಟ್ಟಿಗೂ ಹಿಡಿದೆ. ಬಲಗಡೆ 0.05 ವೋಲ್ಟ್. ಎಡಗಡೆ ಬ್ರೇಕ್ ಒಂದನ್ನೇ ಒತ್ತಿದಾಗ 0.7 ವೋಲ್ಟ್, ಹಿಂದೀಪವೂ ಇಂಡಿಕೇಟರೂ ಸೇರಿದಾಗ 1.5 ವೋಲ್ಟ್. ಬಲ್ಬ್‌ಗೆ ಸಿಗಬೇಕಾದ ವೋಲ್ಟೇಜು ಅರ್ಥಿಂಗ್‌ನಲ್ಲೇ ಸೋರಿಹೋಗುತ್ತಿತ್ತು. ತಂತುವಿನ ಬೆಳಕು ವೋಲ್ಟೇಜಿನ ಸುಮಾರು 3.4ರ ಘಾತದಷ್ಟು ವೇಗವಾಗಿ ಇಳಿಯುವುದರಿಂದ, ಹದಿಮೂರೂವರೆಯ ಆಸುಪಾಸಿನಲ್ಲಿ 1.5 ವೋಲ್ಟ್ ಕಡಿಮೆಯಾದರೆ ಬೆಳಕಿನ ಮೂರನೆಯ ಒಂದು ಪಾಲು ಹೋಗಿಬಿಡುತ್ತದೆ. ಬಿಸಿಲಿನಲ್ಲಿ ಹಿಂದಿನಿಂದ ಬರುವವರಿಗೆ ಈ ಮೂರನೆಯ ಒಂದು ಪಾಲು ಸಣ್ಣದಲ್ಲ.

ಅರ್ಥ್ ವೈರ್ ಡಿಕ್ಕಿಯ ಎಡಮೂಲೆಯಲ್ಲಿ, ಕಾರ್ಪೆಟ್ಟಿನ ಕೆಳಗೆ ಒಂದು ಬೋಲ್ಟಿನಿಂದ ಕಾರಿನ ಮೈಗೆ ಸೇರಿತ್ತು. ಕಾರ್ಪೆಟ್ ಎತ್ತಿದರೆ ಕೆಳಗಿನ ಫೆಲ್ಟ್ ಒದ್ದೆ. ಬೋಲ್ಟಿನ ಸುತ್ತ ತುಕ್ಕು ಹೂವಿನಂತೆ ಅರಳಿತ್ತು. ಬೋಲ್ಟ್ ಬಿಚ್ಚಿ, ತಗಡನ್ನು ಹೊಳೆಯುವವರೆಗೆ ಉಜ್ಜಿ, ಕೊಂಡಿಯನ್ನು ಹೊಸದಾಗಿ ಹಾಕಿ ಬಿಗಿದು, ಮೇಲೆ ತುಕ್ಕು ತಡೆಯುವ ಮೇಣ ಬಳಿದೆವು. ಮತ್ತೆ ಅಳೆದಾಗ ಎಲ್ಲ ದೀಪಗಳೂ ಉರಿಯುತ್ತಿರುವಾಗಲೇ 0.06 ವೋಲ್ಟ್. ಎಡ ಬಲಗಳ ಬೆಳಕಿನಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ.

ನೀರು ಎಲ್ಲಿಂದ ಬಂತೆಂದು ತಿಳಿಯದೆ ಬಿಟ್ಟಿದ್ದರೆ ಮಾಡಿದ ಕೆಲಸವೆಲ್ಲ ಒಂದೆರಡು ಮಳೆಗಾಲಕ್ಕಷ್ಟೇ ಸಾಕಾಗುತ್ತಿತ್ತು. ಮಡಚುವ ಛಾವಣಿಯ ಕಾರುಗಳಲ್ಲಿ ಶಂಕಿಸಬೇಕಾದ ಜಾಗಗಳು ಮೂರು: ಛಾವಣಿಯ ಬುಡದ ನೀರು ಹರಿದುಹೋಗುವ ಕೊಳವೆಗಳು, ಡಿಕ್ಕಿಯ ಮುಚ್ಚಳದ ರಬ್ಬರ್ ಮತ್ತು ಹಿಂದೀಪದ ಗ್ಯಾಸ್ಕೆಟ್. ಒಬ್ಬರು ಡಿಕ್ಕಿಯೊಳಗೆ ಟಾರ್ಚ್ ಹಿಡಿದು ನೋಡುತ್ತಿರುವಾಗ ಇನ್ನೊಬ್ಬರು ಹೊರಗಿನಿಂದ ಒಂದೊಂದೇ ಜಾಗಕ್ಕೆ ತೆಳ್ಳಗೆ ನೀರು ಬಿಡುವುದು ಇದಕ್ಕೆ ಸುಲಭದ ಪರೀಕ್ಷೆ. ಎಡ ಹಿಂದೀಪದ ಮೇಲಂಚಿಗೆ ನೀರು ಬಿಟ್ಟ ಎರಡನೆಯ ನಿಮಿಷದಲ್ಲಿ ಒಂದು ಹನಿ ಒಳಗೋಡೆಯ ಮೇಲೆ ಕಾಣಿಸಿಕೊಂಡು, ಹೋಲ್ಡರಿನ ವೈರಿನ ಗುಂಟ ಇಳಿದು, ಅರ್ಥ್ ಬೋಲ್ಟಿನ ಪಕ್ಕದಲ್ಲೇ ಬಿತ್ತು. ದೀಪವನ್ನು ಕಳಚಿದಾಗ ಗ್ಯಾಸ್ಕೆಟ್‌ನ ಸ್ಪಂಜು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಒಣಗಿತ್ತು. ಎರಡೂ ಬದಿಗೆ ಹೊಸ ಗ್ಯಾಸ್ಕೆಟ್ ಹಾಕಿದೆವು.

ಎಲ್‌ಇಡಿಯ ಪ್ರಶ್ನೆ

ಇಷ್ಟೆಲ್ಲ ನಡೆದ ಮೇಲೆ, ಬಲ್ಬ್‌ಗಳ ಜಾಗಕ್ಕೆ ಎಲ್‌ಇಡಿ ಹಾಕಿಬಿಡಬಹುದಲ್ಲ ಎಂದು ಸ್ನೇಹಿತರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಎಲ್‌ಇಡಿ ಪರವಾಗಿ ಗಟ್ಟಿಯಾದ ವಾದವೊಂದಿದೆ. ತಂತು ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು. ಎಲ್‌ಇಡಿ ಕ್ಷಣಾರ್ಧವೂ ಕಾಯಿಸುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತಿರುವವರಿಗೆ ಅದು ಐದೂವರೆ ಮೀಟರ್ ದೂರದ ಉಳಿತಾಯ.

ಆದರೂ ನಾನು ಬೇಡವೆಂದೆ. ಹಳೆಯ ದೀಪದೊಳಗಿನ ಪ್ರತಿಫಲಕವನ್ನು ಮಾಡಿರುವುದು ಒಂದು ನಿಶ್ಚಿತ ಬಿಂದುವಿನಲ್ಲಿ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವ ತಂತುವಿಗಾಗಿ; ಆ ಜಾಗದಲ್ಲಿ ಬೇರೆ ಆಕಾರದ ಬೆಳಕಿನ ಮೂಲವನ್ನಿಟ್ಟರೆ ನೇರವಾಗಿ ಹಿಂದೆ ನಿಂತವರಿಗೆ ಪ್ರಖರವಾಗಿ, ಪಕ್ಕಕ್ಕೆ ಸರಿದವರಿಗೆ ಮಂಕಾಗಿ ಕಾಣುವ ಸಾಧ್ಯತೆಯಿದೆ. ಹಿಂದೀಪಕ್ಕೂ ಬ್ರೇಕ್ ದೀಪಕ್ಕೂ ಇರಬೇಕಾದ ದೊಡ್ಡ ಅಂತರವನ್ನು ಅಗ್ಗದ ಎಲ್‌ಇಡಿಗಳು ಉಳಿಸಿಕೊಳ್ಳುವುದಿಲ್ಲ. ತಂತುವಿನ ಬಲ್ಬ್‌ಗೆ ಅನುಮೋದನೆ ಪಡೆದ ದೀಪದಲ್ಲಿ ಎಲ್‌ಇಡಿ ಹಾಕುವುದನ್ನು ಹಲವು ದೇಶಗಳ ನಿಯಮಗಳು ಒಪ್ಪುವುದೂ ಇಲ್ಲ. ಈ ಪ್ರಕರಣಕ್ಕೆ ಸಂಬಂಧಿಸಿದ ಕಾರಣ ಇನ್ನೊಂದಿದೆ: ಎಲ್‌ಇಡಿ ಎಳೆಯುವ ವಿದ್ಯುತ್ತು ಅತ್ಯಲ್ಪವಾದ್ದರಿಂದ ಕೆಟ್ಟ ಅರ್ಥಿಂಗ್ ಇದ್ದರೂ ಅದು ಹತ್ತಿಕೊಂಡೇ ಇರುತ್ತಿತ್ತು, ತುಕ್ಕು ಕಾರ್ಪೆಟ್ಟಿನಡಿ ಸದ್ದಿಲ್ಲದೆ ಬೆಳೆದು, ಅದೇ ಬೋಲ್ಟನ್ನು ಹಂಚಿಕೊಂಡ ಉಳಿದ ದೀಪಗಳನ್ನೂ ಕೆಡಿಸುತ್ತಿತ್ತು. ಸ್ನೇಹಿತರು ಒಪ್ಪಿದರು.

ದುರಸ್ತಿಯ ನಂತರದ ಎಂಟು ತಿಂಗಳು

ಚಾಲಕರ ಆಸನದಲ್ಲಿ ಕೂತವರಿಗೆ ತಮ್ಮ ಬ್ರೇಕ್ ದೀಪ ಕಾಣುವುದಿಲ್ಲವಾದ್ದರಿಂದ, ಅದು ಕಾಣುವಂತಹ ಒಂದು ಅಭ್ಯಾಸ ಬೇಕಿತ್ತು. ಸ್ನೇಹಿತರು ಕಾರನ್ನು ಹಿಂಬದಿ ಗೋಡೆಯತ್ತ ಬರುವಂತೆ ನಿಲ್ಲಿಸತೊಡಗಿದ್ದಾರೆ. ಕತ್ತಲಾದ ಮೇಲೆ ಬ್ರೇಕ್ ಒತ್ತಿದರೆ ಗೋಡೆಯ ಮೇಲೆ ಎರಡು ಕೆಂಪು ಮಂಡಲಗಳು ಏಳುತ್ತವೆ, ಪಕ್ಕದ ಕನ್ನಡಿಗಳಲ್ಲಿ ಒಂದೊಂದಾಗಿ ನೋಡಬಹುದು. ತಿಂಗಳಿಗೊಮ್ಮೆ ಹಗಲಿನಲ್ಲಿ, ಪೆಡಲಿಗೂ ಆಸನಕ್ಕೂ ನಡುವೆ ಒಂದು ಕೋಲನ್ನು ಸಿಕ್ಕಿಸಿಟ್ಟು ಹಿಂದೆ ಹೋಗಿ ನೋಡುತ್ತಾರೆ. ಅದೇ ಹೊತ್ತಿನಲ್ಲಿ ಹಿಂದೀಪವನ್ನು ಹಾಕಿ ಆರಿಸಿ, ಬ್ರೇಕ್‌ನ ಬೆಳಕು ಬೇರೆಯಾಗಿ ಎದ್ದು ಕಾಣುತ್ತದೆಯೇ ಎಂಬುದನ್ನೂ ಪರೀಕ್ಷಿಸುತ್ತಾರೆ.

ಒಂದು ಮಳೆಗಾಲ ಕಳೆದ ಮೇಲೆ, ಎಂಟನೆಯ ತಿಂಗಳಲ್ಲಿ ಕಾರನ್ನು ಮತ್ತೆ ನೋಡಿದೆ. ಕಾರ್ಪೆಟ್ಟಿನ ಕೆಳಗೆ ಫೆಲ್ಟ್ ಒಣಗಿತ್ತು. ಎಡಗಡೆಯ ಅರ್ಥಿಂಗ್‌ನಲ್ಲಿ 0.06 ವೋಲ್ಟ್ ಹಾಗೆಯೇ ಇತ್ತು. ಬಲ್ಬನ್ನು ಹೊರತೆಗೆದು ಬುಡ ನೋಡಿದಾಗ ಎರಡು ಬಿಂದುಗಳೂ ಒಂದೇ ರೀತಿ ದುಂಡಗಿದ್ದವು. ಎಡಗಡೆಯಿಂದ ತೆಗೆದಿದ್ದ ಹಳೆಯ ಬಲ್ಬ್ ಈಗ ಬಟ್ಟೆಯಲ್ಲಿ ಸುತ್ತಿಕೊಂಡು ಗ್ಲವ್ ಬಾಕ್ಸಿನಲ್ಲಿದೆ. ಅದರ ಕುಳಿಬಿದ್ದ ಬಿಂದುವಿಗೆ ಒಂದು ಹನಿ ಹೊಸ ಬೆಸುಗೆ ಹಾಕಿ, ಬ್ಯಾಟರಿಗೆ ಮುಟ್ಟಿಸಿ ಉರಿಯುವುದನ್ನು ಇನ್ನೊಮ್ಮೆ ನೋಡಿಯೇ ಸ್ನೇಹಿತರು ಅದನ್ನು ತುರ್ತಿಗೆಂದು ಎತ್ತಿಟ್ಟುಕೊಂಡಿದ್ದಾರೆ.